ಜೀರ್ಣೋದ್ಧಾರದ ಧರ್ಮಸಂಕಟ

ಜೀರ್ಣೋದ್ಧಾರವೆಂಬುದು ನಮ್ಮ ಕಿವಿಗೆ ಪುಣ್ಯಕಾರ್ಯದ ಹೆಸರು. ಹಳೆಯ ಕಟ್ಟಡವನ್ನು ಉದ್ಧರಿಸಹೊರಟವನು ಅದನ್ನೇ ಅಳಿಸಿಯಾನೆಂಬ ಶಂಕೆ ನಮಗೆ ಸುಲಭವಾಗಿ ಬರುವುದಿಲ್ಲ. ಸ್ವೀಡನ್ನಿನ ವಾಸ್ತುಶಿಲ್ಪಿ ಹೆಲ್ಗೊ ಸೆಟ್ಟರ್‌ವಾಲ್‌ನ (1831–1907) ಕೆಲಸವನ್ನು ಕಂಡವರಿಗೆ ಆ ಶಂಕೆ ಬಾರದಿರದು.

ಈತನು ಅಸಮರ್ಥನಲ್ಲ. 1882ರಲ್ಲಿ ಸಿದ್ಧವಾದ ಲುಂಡ್ ವಿಶ್ವವಿದ್ಯಾಲಯದ ಪ್ರಧಾನ ಭವನವೊಂದೇ ಆತನ ಪ್ರತಿಭೆಗೆ ಸಾಕ್ಷಿ. ಆದರೆ ಆತನಿಗೆ ಕೀರ್ತಿ, ಅಪಕೀರ್ತಿಗಳೆರಡನ್ನೂ ತಂದದ್ದು ಹಳೆಯ ಚರ್ಚುಗಳ ಉದ್ಧಾರ. ಲುಂಡ್‌ನ ಕ್ಯಾಥೆಡ್ರಲ್ ಹನ್ನೆರಡನೆಯ ಶತಮಾನದ್ದು. 1880ರಲ್ಲಿ ಆತನ ಕೆಲಸ ಮುಗಿಯುವ ವೇಳೆಗೆ ಅದರ ಪಡುವಣ ಗೋಪುರಗಳೆರಡೂ ನೆಲಕ್ಕಿಳಿದು, ಆತನ ಕಲ್ಪನೆಯಂತೆ ಹೊಸದಾಗಿ ಎದ್ದಿದ್ದವು. ಉಪ್ಸಾಲಾದಲ್ಲಿಯೂ ಇದೇ ಕಥೆ. 1702ರ ಬೆಂಕಿಯ ಅನಂತರ ಹದಿನೆಂಟನೆಯ ಶತಮಾನದವರು ಅಲ್ಲಿನ ಗೋಪುರಗಳಿಗೆ ತೊಡಿಸಿದ್ದ ಗಿಡ್ಡ ಶಿಖರಗಳನ್ನು ತೆಗೆದು, 1885–93ರ ಅವಧಿಯಲ್ಲಿ ಈತನು ಚೂಪಾದ ಎತ್ತರದ ಶಿಖರಗಳನ್ನು ಏರಿಸಿದನು. ಸಿಮೆಂಟಿನ ಅಲಂಕಾರಗಳನ್ನು ಧಾರಾಳವಾಗಿ ಸೇರಿಸಿದನು.

ಇದರ ಹಿಂದೆ ಒಂದು ತತ್ತ್ವವಿತ್ತು. ಕಟ್ಟಡವನ್ನು ಅದರ ಶೈಲಿಗೆ ಒಪ್ಪುವ ಪರಿಪೂರ್ಣ ರೂಪಕ್ಕೆ ತರಬೇಕು. ಆ ರೂಪ ಹಿಂದೆ ಎಂದೂ ಇರದಿದ್ದರೂ ಸರಿಯೆ ಎಂದು ಫ್ರಾನ್ಸಿನ ವಯೊಲೆ ಲ ದ್ಯುಕ್ ಸಾರಿದ್ದನು. ಸೆಟ್ಟರ್‌ವಾಲ್ ನಡೆದದ್ದು ಆ ದಾರಿಯಲ್ಲಿ. ಕವಿ ಹೈಡೆನ್‌ಸ್ಟಾಮ್ 1894ರಲ್ಲಿ ಇಂಥ ಉದ್ಧಾರವನ್ನು ಆಧುನಿಕ ಬರ್ಬರತೆಯೆಂದು ಕರೆದು ಕಿರುಹೊತ್ತಗೆಯನ್ನೇ ಬರೆದನು.

ನಾನು ಕವಿಯ ಪಕ್ಷದವನು. ಪ್ರಾಚೀನ ಕಾವ್ಯವನ್ನು ಸಂಪಾದಿಸುವವನು ಓಲೆಯಲ್ಲಿಲ್ಲದ ಸೊಗಸಾದ ಪದ್ಯವನ್ನು ತಾನೇ ರಚಿಸಿ ಸೇರಿಸಿದರೆ, ಅದೆಷ್ಟೇ ಸೊಗಸಾಗಿದ್ದರೂ ನಾವು ಒಪ್ಪೆವು. ಕಲ್ಲಿಗೂ ಅದೇ ನ್ಯಾಯ. ಹಳೆಯ ಕಟ್ಟಡವೆಂದರೆ ಅದರ ಮೊದಲ ದಿನವಷ್ಟೇ ಅಲ್ಲ. ಬೆಂಕಿ ತಗುಲಿದ್ದು, ಬಡತನದಲ್ಲಿ ತೇಪೆ ಹಾಕಿದ್ದು, ಎಲ್ಲವೂ ಅದರ ಆಯುಷ್ಯವೇ. ಶೈಲಿಯ ಶುದ್ಧಿಗಾಗಿ ನಡುವಣ ಶತಮಾನಗಳನ್ನು ಅಳಿಸಲು ಯಾರಿಗೂ ಅಧಿಕಾರವಿಲ್ಲ.

ಆದರೆ ಈ ನ್ಯಾಯ ಸೆಟ್ಟರ್‌ವಾಲ್‌ನಿಗೂ ಸಲ್ಲಬೇಕು. 1970ರ ದಶಕದಲ್ಲಿ ಉಪ್ಸಾಲಾದ ಕ್ಯಾಥೆಡ್ರಲನ್ನು ಮತ್ತೆ ದುರಸ್ತಿ ಮಾಡಿದವರು ಆತನ ಸಿಮೆಂಟಿನ ಅಲಂಕಾರಗಳಲ್ಲಿ ಬಹುಪಾಲನ್ನು ಕಿತ್ತುಹಾಕಿದರು. ಸಿಮೆಂಟು ಶಿಥಿಲವಾಗಿದ್ದುದು ನಿಜ. ಆದರೂ, ಹಿಂದಿನವನ ಕೈಕೆಲಸವನ್ನು ಅಳಿಸಿದವನ ಕೈಕೆಲಸ ಮುಂದಿನವರಿಂದ ಅಳಿಯಿತು. ಶಿಖರಗಳು ಮಾತ್ರ ಉಳಿದಿವೆ. ಲುಂಡ್‌ನ ಗೋಪುರಗಳೂ ಉಳಿದಿವೆ. ಅವನ್ನು ಬಿಟ್ಟು ಆ ಊರುಗಳನ್ನು ನೆನೆಯುವುದು ಇಂದು ಕಷ್ಟ. ಒಂದು ಕಾಲದ ಅಪರಾಧ ಮುಂದಿನ ಕಾಲದ ಪಿತ್ರಾರ್ಜಿತವಾಗಿದೆ. ಅದನ್ನು ಒಪ್ಪಿಕೊಂಡು ಕಾಯುವುದೇ ಈಗ ಉಳಿದಿರುವ ಧರ್ಮ.