ಕೋವಿಯ ಮಾತು ಊರ ನಡುವೆ ಆಗಲಿ

ಆಗುಂಬೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಬಂಧುಗಳೇ,

ನಮ್ಮ ಸೀಮೆಯಲ್ಲಿ ಕೋವಿ ಎರಡು ಬಗೆ. ಒಂದಕ್ಕೆ ಪರವಾನಗಿ ಇದೆ, ಠಾಣೆಯ ಪುಸ್ತಕದಲ್ಲಿ ನಂಬರಿದೆ. ಚುನಾವಣೆ ಘೋಷಣೆಯಾಯಿತೆಂದರೆ ಮನೆಯ ಯಜಮಾನರು ಅದನ್ನು ಠಾಣೆಗೆ ಒಪ್ಪಿಸಿ, ರಶೀದಿ ಪಡೆದು ಬರುತ್ತಾರೆ. ಇನ್ನೊಂದಕ್ಕೆ ಕಾಗದವೇ ಇಲ್ಲ. ಅದು ಅಟ್ಟದ ಮೇಲೋ ಸೌದೆ ಕೊಟ್ಟಿಗೆಯ ಸಂದಿಯಲ್ಲೋ ಇರುತ್ತದೆ. ಯಾರ ಮನೆಯಲ್ಲಿದೆ ಎಂದು ನೆರೆಹೊರೆಗೆ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಬಂದೂಕು ಪರವಾನಗಿಯ ನಿಯಮ ಸುಧಾರಿಸಬೇಕೆಂಬ ಮಾತು ಬಂದಾಗಲೆಲ್ಲ ನಾವು ಮೊದಲನೆಯದರ ಕಷ್ಟ ಹೇಳಿಕೊಳ್ಳುತ್ತೇವೆ, ಎರಡನೆಯದನ್ನು ನುಂಗಿಕೊಳ್ಳುತ್ತೇವೆ. ಈ ಮೌನ ಇನ್ನು ಸಾಕು.

ರೈತನ ಕಷ್ಟ ಸುಳ್ಳಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಹೊಯ್ಯುವ ಆಗುಂಬೆಯಲ್ಲಿ ಕೊಳೆ ರೋಗ, ಎಲೆಚುಕ್ಕಿ ರೋಗ ತಿಂದು ಬಿಟ್ಟ ಅಡಿಕೆಯೇ ನಮ್ಮ ಪಾಲು. ಅದರಲ್ಲೂ ಎಳೆಗಾಯಿಯನ್ನು ಮಂಗ ಉದುರಿಸುತ್ತದೆ. ಹಂದಿ ಗದ್ದೆಗಿಳಿದರೆ ಒಂದೇ ರಾತ್ರಿಗೆ ಪೈರು ಕೆಸರಾಗುತ್ತದೆ. ಕಾಡುಕೋಣಕ್ಕೆ ಯಾವ ಬೇಲಿಯೂ ಲೆಕ್ಕಕ್ಕಿಲ್ಲ. ಸೋಮೇಶ್ವರ, ಶರಾವತಿ ಕಣಿವೆ ಅಭಯಾರಣ್ಯಗಳ ಅಂಚಿನಲ್ಲಿ ಬೇಸಾಯ ಮಾಡುವವನಿಗೆ ಗಾಳಿಗೆ ಹಾರಿಸುವ ಒಂದು ಈಡೇ ಆಸರೆ. ಅಷ್ಟಕ್ಕಾಗಿ ಅವನು ತಾಲ್ಲೂಕು ಕಚೇರಿ, ಠಾಣೆ, ಜಿಲ್ಲಾಧಿಕಾರಿ ಕಚೇರಿ ಎಂದು ಅಲೆಯಬೇಕು. ಚುನಾವಣೆ ವೇಳೆ ಯಾರ ಕೋವಿ ಪಡೆಯಬೇಕೆಂದು ತೀರ್ಮಾನಿಸಲು ಜಿಲ್ಲೆಯಲ್ಲೊಂದು ಪರಿಶೀಲನಾ ಸಮಿತಿ ಇರುತ್ತದೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಬಿದ್ದವರ ಮೇಲೆ ಅದರ ಕಣ್ಣಿರಬೇಕು. ಈ ಯಾವುದಕ್ಕೂ ಸೇರದ ರೈತನ ಕೋವಿಯನ್ನೂ ಸಾರಾಸಗಟು ಕೇಳುವುದು ಅನ್ಯಾಯ.

ಆದರೆ ನಮ್ಮ ಕಡೆಯ ಅನ್ಯಾಯವನ್ನೂ ಹೇಳಬೇಕು. ಹಂದಿಯೆಂದು ಹೊಡೆದ ಈಡು ಜೊತೆಗೆ ಬಂದವನಿಗೇ ತಗುಲಿತು ಎಂಬ ಸುದ್ದಿ ಮಲೆನಾಡಿಗೆ ಹೊಸದಲ್ಲ. ಕತ್ತಲಲ್ಲಿ ಪೊದೆ ಅಲುಗಿತು, ಕೋವಿಯ ಕುದುರೆ ಎಳೆದರು, ಒಂದು ಮನೆಯ ದುಡಿಯುವ ಕೈ ಹೋಯಿತು. ಹೆಡ್‌ಲೈಟ್ ಕಟ್ಟಿಕೊಂಡು ಬರ್ಕ, ಕಾಡುಕುರಿ ಹೊಡೆದು ಮಾಂಸ ಹಂಚಿಕೊಳ್ಳುವವರು ಯಾವ ಬೆಳೆಯನ್ನು ಕಾಯುತ್ತಿದ್ದಾರೆ? ಅದನ್ನು ಬೆಳೆ ರಕ್ಷಣೆ ಎಂದು ಕರೆದರೆ, ನಿಜವಾಗಿ ರಾತ್ರಿಯಿಡೀ ತೋಟ ಕಾಯುವವನ ಮಾತನ್ನೂ ಅಧಿಕಾರಿಗಳು ನಂಬುವುದಿಲ್ಲ.

ಕಾನೂನು ಸುಮ್ಮನಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಅದು ಎರಡಕ್ಕಿಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೇರಿತು. ಪರವಾನಗಿ ಇಲ್ಲದ ಕೋವಿಗೆ ಶಿಕ್ಷೆ ಹೆಚ್ಚಿತು. ಪರವಾನಗಿ ಇದ್ದಮಾತ್ರಕ್ಕೆ ಕಾಡುಪ್ರಾಣಿ ಕೊಲ್ಲುವ ಹಕ್ಕು ಬರುವುದಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಶಿಕ್ಷೆ ಏರಿಸಿದ್ದರಿಂದ ಕಳ್ಳಕೋವಿ ಹೊರಗೆ ಬರಲಿಲ್ಲ, ಇನ್ನಷ್ಟು ಒಳಗೆ ಸೇರಿತು. ಒಪ್ಪಿಸಲು ಹೋದರೆ ಜೈಲು ಎಂದಾದಾಗ ಯಾರು ತಾನೇ ಒಪ್ಪಿಸುತ್ತಾರೆ?

ಆಸ್ಟ್ರೇಲಿಯಾದಲ್ಲಿ 1996ರ ಪೋರ್ಟ್ ಆರ್ಥರ್ ಗುಂಡಿನ ದಾಳಿಗೆ 35 ಜನ ಬಲಿಯಾದರು. ಆಗ ಅಲ್ಲಿನ ಸರ್ಕಾರ ನಿಯಮ ಬಿಗಿಗೊಳಿಸಿತು. ಜೊತೆಗೇ ಶಿಕ್ಷೆಯ ಭಯವಿಲ್ಲದೆ ಬಂದೂಕು ಒಪ್ಪಿಸಲು ಕಾಲಾವಕಾಶ ಕೊಟ್ಟು, ಸುಮಾರು 6.5 ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಪಡೆಯಿತು. ಬೇಸಾಯಕ್ಕೆ ಅಗತ್ಯವಿದೆಯೆಂದು ತೋರಿಸಿದ ರೈತರಿಗೆ ಪರವಾನಗಿಯ ದಾರಿ ಮುಚ್ಚಲಿಲ್ಲ. ಬಿಗಿಯೂ ಕರುಣೆಯೂ ಒಟ್ಟಿಗೆ ನಡೆಯಬಲ್ಲವು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ನಾವು ಕೇಳುತ್ತಿಲ್ಲ. ನ್ಯಾಯವಾದ ಪರವಾನಗಿ ಸಾಕು.

ಹಾಗಾದರೆ ನಾವು ಕೇಳಬೇಕಾದದ್ದೇನು? ಬೆಳೆ ರಕ್ಷಣೆಯ ಅರ್ಜಿ ತಾಲ್ಲೂಕಿನಲ್ಲೇ ಗೊತ್ತಾದ ದಿನದೊಳಗೆ ಇತ್ಯರ್ಥವಾಗಲಿ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಲಿ. ಬಂದೂಕು ತರಬೇತಿ ಜಿಲ್ಲಾ ಕೇಂದ್ರದಿಂದ ನಮ್ಮ ಹೋಬಳಿಗೆ ಬರಲಿ. ಕಳ್ಳಕೋವಿ ಒಪ್ಪಿಸಲು ಕೇಸಿಲ್ಲದ ಒಂದು ಅವಧಿ ಘೋಷಣೆಯಾಗಲಿ. ಬೆಳೆಹಾನಿ ಪರಿಹಾರ ಆ ಬೆಳೆಯ ಕಾಲದಲ್ಲೇ ಕೈಸೇರಲಿ. ಅದು ಸಿಕ್ಕರೆ ಎಷ್ಟೋ ಮನೆಗಳಿಗೆ ಕೋವಿಯೇ ಬೇಕಾಗುವುದಿಲ್ಲ.

ಇದನ್ನೆಲ್ಲ ಕೇಳುವ ನೈತಿಕ ಬಲ ಬೇಕಾದರೆ ನಾವೂ ಮಾತು ಕೊಡಬೇಕು. ಮಜಕ್ಕೆ ಶಿಕಾರಿ ಮಾಡುವುದಿಲ್ಲ. ಕುಡಿದು ಕೋವಿ ಮುಟ್ಟುವುದಿಲ್ಲ. ಕಣ್ಣಿಗೆ ಕಾಣದ್ದರ ಮೇಲೆ ಈಡು ಹಾರಿಸುವುದಿಲ್ಲ. ಯಾರಿಗಾದರೂ ಗುಂಡು ತಗುಲಿದರೆ ಮುಚ್ಚಿಹಾಕುವುದಿಲ್ಲ.

ನಿಯಮ ಬದಲಿಸುವ ಮುನ್ನ ಸರ್ಕಾರ ಜನಾಭಿಪ್ರಾಯ ಕೇಳುವುದಾದರೆ ಕನ್ನಡದಲ್ಲಿ, ಗ್ರಾಮಸಭೆಯಲ್ಲಿ ಕೇಳಲಿ. ಅಲ್ಲಿ ಕೋವಿ ಇರುವ ಗಂಡಸರಷ್ಟೇ ಮಾತಾಡಿದರೆ ಸಾಲದು. ಶಿಕಾರಿಗೆ ಹೋದ ಗಂಡನ ಹೆಣ ಎದುರುಗೊಂಡ ಹೆಂಗಸಿದ್ದಾಳೆ. ಬೆಳಕು ಹರಿಯುವ ಮುನ್ನ ಕಾಡುದಾರಿಯಲ್ಲಿ ತೋಟದ ಕೆಲಸಕ್ಕೆ ನಡೆಯುವ ಕೂಲಿಯವರಿದ್ದಾರೆ. ಅವರ ಮಾತು ಮೊದಲು ಕೇಳಿಸಲಿ.

ಯಾರೋ ಕರೆಯಲಿ ಎಂದು ಕಾಯಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಇಡಬೇಕೆಂದು ನಿಮ್ಮ ಪಂಚಾಯಿತಿಗೆ ಈ ವಾರವೇ ಅರ್ಜಿ ಕೊಡಿ. ಸಭೆಗೆ ಮನೆಮಂದಿಯೆಲ್ಲ ಬನ್ನಿ. ಕಷ್ಟವನ್ನೂ ತಪ್ಪನ್ನೂ ಒಂದೇ ಉಸಿರಿನಲ್ಲಿ ಹೇಳಿ, ನಿರ್ಣಯ ಬರೆಸಿ, ಜಿಲ್ಲಾಧಿಕಾರಿಗೆ ಕಳಿಸಿ. ನಮ್ಮ ಊರಿನ ಇನ್ನೊಂದು ಜೀವ ಕತ್ತಲಲ್ಲಿ ಗುಂಡಿಗೆ ಬಲಿಯಾಗದಂತೆ ತಡೆಯುವ ಹೊಣೆ ಠಾಣೆಗಿಂತ ಮೊದಲು ನಮ್ಮದು.