ಜಾಗ್ವಾರ್ ತನ್ನ ಹಳೇ ಕಾರನ್ನು ಬಿಡಬೇಕಿತ್ತಾ?

ಕಾರು ಕೊಳ್ಳೋಕೆ ಆಗದವರೂ ಕಾರಿನ ಬಗ್ಗೆ ಜಗಳ ಆಡಬಹುದು. ಅದಕ್ಕೆ ಲೈಸೆನ್ಸ್ ಬೇಕಾಗಿಲ್ಲ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇತ್ತೀಚೆಗೆ ಹೀಗೊಂದು ಜಗಳ ಊಟದ ಸಮಯವನ್ನೆಲ್ಲ ತಿಂದುಹಾಕಿತು. ಜಾಗ್ವಾರ್ ಕಂಪನಿ ತನ್ನ ಎರಡು ಬಾಗಿಲಿನ ಉದ್ದ ಮೂತಿಯ ಕಾರನ್ನು ನಿಲ್ಲಿಸಿದ್ದು ಸರಿಯೋ ತಪ್ಪೋ ಅನ್ನೋದು ವಿಷಯ. ಅಲ್ಲಿದ್ದ ಏಳು ಜನರಲ್ಲಿ ಒಬ್ಬರೂ ಆ ಕಾರಿನಲ್ಲಿ ಕೂತವರಲ್ಲ. ಆದರೂ ಎಲ್ಲರಿಗೂ ಅಭಿಪ್ರಾಯ ಇತ್ತು.

ಗ್ರ್ಯಾಂಡ್ ಟೂರರ್ ಅಂದರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ರೇಸಿಗೆ ಹೋಗೋ ಕಾರಲ್ಲ, ಸಂಸಾರದ ಕಾರೂ ಅಲ್ಲ. ಮುಂದೆ ಇಬ್ಬರು ಆರಾಮಾಗಿ ಕೂತು, ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಇಟ್ಟುಕೊಂಡು, ಬೆಳಿಗ್ಗೆ ಲಂಡನ್ ಬಿಟ್ಟರೆ ರಾತ್ರಿ ಊಟಕ್ಕೆ ಫ್ರಾನ್ಸಿನ ದಕ್ಷಿಣದ ಕಡಲತೀರ ಸೇರಬೇಕು, ಇಳಿದಾಗ ಸೊಂಟ ನೋಯಬಾರದು. ಕೆಲವಕ್ಕೆ ಹಿಂದಿನ ಸೀಟೂ ಇರುತ್ತೆ, ಆದರೆ ಅದರಲ್ಲಿ ಕೂರಬೇಕಾದರೆ ಕಾಲನ್ನು ಮನೆಯಲ್ಲೇ ಬಿಟ್ಟು ಬರಬೇಕು! ಇಂಥ ಕಾರು ಯಾರಿಗೂ ‘ಬೇಕೇ ಬೇಕು’ ಅನ್ನುವಂಥದ್ದಲ್ಲ. ಹಾಗಾಗಿಯೇ ಕಂಪನಿಗೆ ಕಷ್ಟ ಬಂದಾಗ ಮೊದಲು ಕಣ್ಣು ಬೀಳೋದು ಇದರ ಮೇಲೆ.

ಜಾಗ್ವಾರ್ ಹೆಸರು ಮಾಡಿದ್ದೇ ಇಂಥ ಕಾರುಗಳಿಂದ. 1922ರಲ್ಲಿ ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್‌ಲಿ ಎಂಬಿಬ್ಬರು ಬ್ಲ್ಯಾಕ್‌ಪೂಲ್ ಊರಿನಲ್ಲಿ ಬೈಕುಗಳಿಗೆ ಸೈಡ್‌ಕಾರ್ ಮಾಡುತ್ತಾ ಶುರು ಮಾಡಿದ ಕಂಪನಿ ಅದು. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಇ-ಟೈಪ್ ತೋರಿಸಿದರು. ಆಕಾರ ಕೊಟ್ಟವರು ಮ್ಯಾಲ್ಕಂ ಸೇಯರ್, ಅದಕ್ಕೆ ಮುಂಚೆ ವಿಮಾನದ ಕಂಪನಿಯಲ್ಲಿ ಇದ್ದವರು. ಜಿನೀವಾದಲ್ಲಿ ಓಡಿಸಿ ನೋಡೋಕೆ ಜನ ಮುಗಿಬಿದ್ದಾಗ ಇನ್ನೊಂದು ಕಾರು ಬೇಕಾಯ್ತು. ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಕವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು ಬೆಳಿಗ್ಗೆ ತಂದು ನಿಲ್ಲಿಸಿದರು. ಗಂಟೆಗೆ 240 ಕಿಲೋಮೀಟರ್ ವೇಗ, ಬೆಲೆ ಸುಮಾರು ಎರಡು ಸಾವಿರ ಪೌಂಡ್. ಅಷ್ಟು ವೇಗದ ಬೇರೆ ಕಾರುಗಳಿಗೆ ಅದರ ದುಪ್ಪಟ್ಟು ಕೊಡಬೇಕಿತ್ತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಆ ಇ-ಟೈಪನ್ನೂ ಜಾಗ್ವಾರ್ ನಿಲ್ಲಿಸಿತ್ತು ಅನ್ನೋದನ್ನ ನಮ್ಮ ಕ್ಯಾಂಟೀನಿನ ಭಾವುಕರು ಮರೀತಾರೆ. 1974ರಲ್ಲಿ ಅದರ ತಯಾರಿಕೆ ಮುಗೀತು. 1975ರಲ್ಲಿ ಎಕ್ಸ್‌ಜೆ-ಎಸ್ ಬಂತು. ಜನ ಬೈದ ಬೈಗುಳ ಅಷ್ಟಿಷ್ಟಲ್ಲ. ಹಿಂಬದಿಯ ಗಾಜಿನ ಎರಡೂ ಕಡೆ ಗೋಡೆಯ ಹಾಗೆ ಇಳಿದ ತಗಡು ನೋಡಿ ‘ಇದೇನು ಇ-ಟೈಪಿನ ಮಗುವಾ?’ ಅಂದರು. ಮೇಲ್ಚಾವಣಿ ತೆಗೆಯೋ ಮಾದರಿಯೂ ಇರಲಿಲ್ಲ, ಅಮೆರಿಕದಲ್ಲಿ ಅಂಥ ಕಾರುಗಳಿಗೆ ನಿಷೇಧ ಬರಬಹುದು ಅನ್ನೋ ಭಯ ಆಗ ಎಲ್ಲ ಕಂಪನಿಗಳಿಗೂ ಇತ್ತು. ಮೇಲಾಗಿ ಅದರ ಹೊಟ್ಟೆಯೊಳಗೆ 5.3 ಲೀಟರಿನ, ಹನ್ನೆರಡು ಸಿಲಿಂಡರಿನ ಎಂಜಿನ್. 1973ರ ತೈಲ ಬಿಕ್ಕಟ್ಟಿನ ಬಿಸಿ ಆರುವ ಮೊದಲೇ ಪೆಟ್ರೋಲನ್ನು ನೀರಿನ ಹಾಗೆ ಕುಡಿಯೋ ಕಾರು! 1980ರ ಹೊತ್ತಿಗೆ ವರ್ಷಕ್ಕೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಕಂಪನಿ ಆಗ ಬ್ರಿಟಿಷ್ ಲೇಲ್ಯಾಂಡ್ ಎಂಬ ಸರ್ಕಾರಿ ಹಂಗಿನ ದೊಡ್ಡ ಗುಂಪಿನೊಳಗೆ ನರಳುತ್ತಿತ್ತು. ನಿಲ್ಲಿಸಿಬಿಡೋಣ ಅನ್ನೋಕೆ ಬೇಕಾದ ಕಾರಣಗಳೆಲ್ಲ ಸಿದ್ಧವಿದ್ದವು.

ನಿಲ್ಲಿಸಲಿಲ್ಲ. ಈ ಭಾಗ ನನಗೆ ಬಹಳ ಇಷ್ಟ, ಇಂಜಿನಿಯರ್ ಆಗಿದ್ದಕ್ಕೋ ಏನೋ. 1981ರಲ್ಲಿ ಅದೇ ಕಾರು, ಅದೇ ಎಂಜಿನ್, ಆದರೆ ಸಿಲಿಂಡರ್ ಹೆಡ್ ಬದಲಾಯ್ತು. ಮೈಕೆಲ್ ಮೇ ಅನ್ನೋ ಸ್ವಿಸ್ ಇಂಜಿನಿಯರ್ ಒಂದು ಉಪಾಯ ಕಂಡುಹಿಡಿದಿದ್ದರು. ಒಳಗೆ ಬರುವ ಗಾಳಿ-ಪೆಟ್ರೋಲಿನ ಮಿಶ್ರಣ ಸುಳಿಯ ಹಾಗೆ ತಿರುಗಿ ಕಿಡಿಯ ಹತ್ತಿರ ಒತ್ತಾಗಿ ಸೇರುವಂತೆ ಹೆಡ್ಡಿನ ಒಳ ಆಕಾರವನ್ನು ಕೊರೆಯುವುದು. ಹಾಗೆ ಮಾಡಿದರೆ ಪೆಟ್ರೋಲು ಕಡಿಮೆ ಇರುವ ತೆಳು ಮಿಶ್ರಣವೂ ಚೆನ್ನಾಗಿ ಉರಿಯುತ್ತೆ. ನಮ್ಮ ಅಜ್ಜಿ ಒಲೆಗೆ ಸೌದೆ ತುಂಬದೆ, ಊದುಗೊಳವೆಯಿಂದ ಸರಿಯಾದ ಜಾಗಕ್ಕೆ ಊದಿ ಉರಿ ಎಬ್ಬಿಸ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. ಪೆಟ್ರೋಲ್ ಖರ್ಚು ಇಳೀತು, ಮಾರಾಟ ಹತ್ತಿತು. ಎಂಬತ್ತರ ದಶಕದ ಕೊನೆಗೆ ವರ್ಷಕ್ಕೆ ಹತ್ತು ಸಾವಿರದ ಸುತ್ತ ಮಾರುತ್ತಿದ್ದರು. 1988ರಲ್ಲಿ ಚಾವಣಿ ಮಡಚುವ ಮಾದರಿಯೂ ಬಂತು. 1996ರವರೆಗೆ ಆ ಕಾರು ಬದುಕಿತು. ಒಟ್ಟು 1 ಲಕ್ಷ 15 ಸಾವಿರದಷ್ಟು. ಎಲ್ಲರೂ ಪೂಜಿಸುವ ಇ-ಟೈಪ್ ಮಾರಾಟವಾಗಿದ್ದು 72 ಸಾವಿರ ಚಿಲ್ಲರೆ ಮಾತ್ರ.

ಪೋರ್ಷೆ ಕಥೆ ಇನ್ನೂ ಮಜ. 1977ರಲ್ಲಿ ಅವರು 928 ಅನ್ನೋ ದೊಡ್ಡ ಗ್ರ್ಯಾಂಡ್ ಟೂರರ್ ತಂದರು. ಹಳೇ 911 ಸಾಯಬೇಕು, ಅದರ ಜಾಗಕ್ಕೆ ಇದು ಬರಬೇಕು ಅನ್ನೋ ಲೆಕ್ಕ. 1981ರಲ್ಲಿ ಪೀಟರ್ ಶುಟ್ಸ್ ಹೊಸ ಮುಖ್ಯಸ್ಥರಾಗಿ ಬಂದರು. ಇಂಜಿನಿಯರಿಂಗ್ ಮುಖ್ಯಸ್ಥ ಹೆಲ್ಮುಟ್ ಬೋಟ್ ಅವರ ಕೋಣೆಯ ಗೋಡೆಯ ಮೇಲಿನ ಚಾರ್ಟಿನಲ್ಲಿ 911ರ ಗೆರೆ ಆ ವರ್ಷದ ಕೊನೆಗೇ ನಿಂತಿತ್ತಂತೆ. ಶುಟ್ಸ್ ಮಾರ್ಕರ್ ತಗೊಂಡು ಆ ಗೆರೆಯನ್ನು ಚಾರ್ಟ್ ದಾಟಿಸಿ, ಗೋಡೆಯ ಮೇಲೆ ಎಳೆದು, ಬಾಗಿಲಿನ ಆಚೆಗೂ ಒಯ್ದರಂತೆ. ಈ ಕಥೆ ಹೇಳಿದವರು ಸ್ವತಃ ಶುಟ್ಸ್, ಆದ್ದರಿಂದ ಸ್ವಲ್ಪ ಒಗ್ಗರಣೆ ಇದ್ದೀತು. ಆದರೆ 928 ನಿಂತಿದ್ದು 1995ರಲ್ಲಿ, 911 ಇವತ್ತಿಗೂ ವರ್ಷಕ್ಕೆ 50 ಸಾವಿರದಷ್ಟು ಹೋಗ್ತಿದೆ ಅನ್ನೋದು ಒಗ್ಗರಣೆ ಅಲ್ಲ. ಹಾಗಂತ 911 ಹಳೇದಾಗಿಯೇ ಉಳಿದಿಲ್ಲ. ಗಾಳಿಯಿಂದ ತಣ್ಣಗಾಗುತ್ತಿದ್ದ ಎಂಜಿನ್ ತೊಂಬತ್ತರ ದಶಕದ ಕೊನೆಗೆ ನೀರಿಗೆ ಬದಲಾಯ್ತು, 2024ರಲ್ಲಿ ಹೈಬ್ರಿಡ್ ಕೂಡ ಬಂತು. ಹೊರಗಿನಿಂದ ನೋಡಿದರೆ ಅದೇ ಕಪ್ಪೆಯ ಮುಖ.

ಈಗ ನಮ್ಮ ಜಾಗ್ವಾರಿಗೆ ಬರೋಣ. ‘ನಮ್ಮ’ ಅಂತ ಬೇಕಂತಲೇ ಬರೆದೆ. 2008ರ ಜೂನಿನಲ್ಲಿ ಟಾಟಾ ಮೋಟರ್ಸ್ ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರಿಗೆ ಕೊಂಡಿತು. ಬ್ಯಾಂಕಿನಿಂದ ನಿವೃತ್ತರಾದ ನಮ್ಮಪ್ಪನ ಹತ್ತಿರ ಆ ಕಾಲದಿಂದ ಒಂದಿಷ್ಟು ಟಾಟಾ ಶೇರುಗಳಿವೆ. ಅವರು ಫೋನ್ ಮಾಡಿದಾಗ ಆರೋಗ್ಯದ ಮಾತು ಮುಗಿದ ತಕ್ಷಣ ಬರೋದು ಇದೇ: ‘ಅಲ್ಲಪ್ಪಾ, ಅಂಗಡಿ ಬಾಗಿಲು ಹಾಕ್ಕೊಂಡು ಒಳಗೆ ಬಣ್ಣ ಹೊಡೀತಿದಾರಂತೆ. ಗಿರಾಕಿ ಅಲ್ಲೀವರೆಗೂ ರಸ್ತೇಲಿ ನಿಂತಿರ್ತಾನೇನು?’

ಆಗಿದ್ದು ಹೆಚ್ಚುಕಡಿಮೆ ಅದೇ. 2013ರಲ್ಲಿ ಬಂದ ಎಫ್-ಟೈಪ್, 2014ರಲ್ಲಿ ನಿಂತ ಎಕ್ಸ್‌ಕೆ, ಇವೇ ಇ-ಟೈಪಿನ ವಂಶದ ಕೊನೆಯವು. (ಎಫ್-ಟೈಪಿಗೆ ಎರಡೇ ಸೀಟು. ಅದು ಸ್ಪೋರ್ಟ್ಸ್ ಕಾರು, ಗ್ರ್ಯಾಂಡ್ ಟೂರರ್ ಅಲ್ಲ ಅಂತ ಶುದ್ಧಾಚಾರಿಗಳು ವಾದಿಸಬಹುದು. ಒಪ್ಪಿದೆ.) 2021ರಲ್ಲಿ ಕಂಪನಿ, ಇನ್ನು ಮುಂದೆ ಜಾಗ್ವಾರ್ ಅಂದರೆ ಬರೀ ವಿದ್ಯುತ್ ಕಾರು ಅಂತ ಘೋಷಿಸಿತು. 87 ಸಾವಿರಕ್ಕೂ ಹೆಚ್ಚು ಎಫ್-ಟೈಪ್ ಮಾಡಿದ ಮೇಲೆ 2024ರಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷದ ಕೊನೆಗೆ ಬ್ರಿಟನ್ನಿನಲ್ಲಿ ಹೊಸ ಜಾಗ್ವಾರ್‌ಗಳ ಮಾರಾಟವೇ ನಿಂತಿತು. ಬದಲಿಗೆ ಕೈಗೆ ಬಂದಿದ್ದು ಹೊಸ ಲಾಂಛನ, ಕಾರೇ ಇಲ್ಲದ ಒಂದು ಜಾಹೀರಾತು, ಮತ್ತು ಡಿಸೆಂಬರಿನಲ್ಲಿ ಮಯಾಮಿಯಲ್ಲಿ ತೋರಿಸಿದ ಟೈಪ್ 00 ಎಂಬ ಮಾದರಿ. ಮಾರಾಟಕ್ಕೆ ಬರೋದು ಅದರ ನಾಲ್ಕು ಬಾಗಿಲಿನ ರೂಪ, ಬೆಲೆ 1 ಲಕ್ಷ ಪೌಂಡಿಗೂ ಮೇಲೆ. ಅದನ್ನೂ ಗ್ರ್ಯಾಂಡ್ ಟೂರರ್ ಅಂತಲೇ ಕರೀತಾರೆ!

ಕಂಪನಿಯ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ನಿಲ್ಲಿಸಿದ ಮಾದರಿಗಳಿಂದ ಬರುತ್ತಿದ್ದ ಲಾಭ ಸೊನ್ನೆಯ ಹತ್ತಿರ ಅಂತ ಆಗಿನ ಮುಖ್ಯಸ್ಥ ಏಡ್ರಿಯನ್ ಮಾರ್ಡೆಲ್ ಹೂಡಿಕೆದಾರರಿಗೆ ಹೇಳಿದ್ದರು. 2018ರಲ್ಲಿ 1 ಲಕ್ಷ 80 ಸಾವಿರ ಇದ್ದ ಜಾಗ್ವಾರ್ ಮಾರಾಟ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳೀತು. ಎಫ್-ಟೈಪಿನ ಐದು ಲೀಟರಿನ ವಿ8 ಎಂಜಿನ್ನಿಗೆ ಯುರೋಪಿನ ಹೊಗೆ ನಿಯಮಗಳ ಮುಂದೆ ಹೆಚ್ಚು ಆಯುಷ್ಯ ಇರಲಿಲ್ಲ. ಹನ್ನೊಂದು ವರ್ಷದ ಕಾರದು. ಅದನ್ನು ನಿಲ್ಲಿಸಿದ್ದು ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ. ಪೋರ್ಷೆಯ ಉದಾಹರಣೆಯನ್ನೂ ಹುಷಾರಾಗಿ ಬಳಸಬೇಕು. 911 ನೆಮ್ಮದಿಯಿಂದ ಇರೋಕೆ 2002ರಿಂದ ಕಯೆನ್ ಎಂಬ ದಢೂತಿ ಎಸ್‌ಯುವಿ ದುಡಿದು ಹಾಕ್ತಿದೆ.

ಆದರೆ ಜಾಗ್ವಾರಿನ ಪಕ್ಕದ ಕೋಣೆಯಲ್ಲೇ ಅಂಥ ದುಡಿಯೋ ಅಣ್ಣ ಇದ್ದ. ಅವನ ಹೆಸರು ರೇಂಜ್ ರೋವರ್. ಅವನ ದುಡಿಮೆಯಲ್ಲಿ ಎರಡು ವರ್ಷ, ಹೊಸ ಕಾರು ಸಿದ್ಧವಾಗೋವರೆಗೆ, ಹಳೆಯದನ್ನು ಕಡಿಮೆ ಸಂಖ್ಯೆಯಲ್ಲಾದರೂ ನಡೆಸಬಹುದಿತ್ತು. ಎಕ್ಸ್‌ಜೆ-ಎಸ್ ನಿಂತ 1996ರಲ್ಲೇ ಅದರ ಜಾಗಕ್ಕೆ ಎಕ್ಸ್‌ಕೆ8 ಬಂದಿತ್ತು. ಷೋರೂಮು ಖಾಲಿ ಬಿದ್ದಿರಲಿಲ್ಲ. ನಮ್ಮ ಕೆಲಸದಲ್ಲೂ ಇದೇ ನಿಯಮ. ಹಳೇ ಬಿಲ್ಲಿಂಗ್ ಸಿಸ್ಟಮ್ ಎಷ್ಟೇ ಕೊಳಕಾಗಿರಲಿ, ಹೊಸದನ್ನು ಪಕ್ಕದಲ್ಲಿ ಓಡಿಸಿ, ಲೆಕ್ಕ ತಾಳೆ ಬಿದ್ದ ಮೇಲೇ ಹಳೇದರ ಸ್ವಿಚ್ ಆರಿಸ್ತೀವಿ. ಮೊದಲೇ ಆರಿಸೋಣ ಅಂದವನನ್ನು ಮೀಟಿಂಗಿನಲ್ಲಿ ಎಲ್ಲರೂ ಒಂಥರಾ ನೋಡ್ತಾರೆ.

ಹಳೇ ಗಿರಾಕಿಗಳಲ್ಲಿ ಹೆಚ್ಚಿನವರು ಹೊಸ ಕಾರಿಗೆ ಬರೋದಿಲ್ಲ ಅಂತ ಕಂಪನಿಯವರೇ ಒಪ್ಪಿಕೊಂಡಿದ್ದಾರೆ. ಅವರು ಪೋರ್ಷೆ ಷೋರೂಮಿಗೋ ಬೆಂಟ್ಲಿ ಷೋರೂಮಿಗೋ ಹೋಗ್ತಾರೆ, ಒಮ್ಮೆ ಹೋದವರು ಆರೇಳು ವರ್ಷ ಇತ್ತ ತಲೆ ಹಾಕಲ್ಲ. ಅಷ್ಟು ದಿನ ಡೀಲರ್ ಏನು ಮಾರಬೇಕು? ಜಾಗ್ವಾರ್ ಎಂಜಿನ್ನಿನ ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ ಮೆಕ್ಯಾನಿಕ್ ಏನು ಕಲೀಬೇಕು? ಹೊಸ ಜಾಹೀರಾತಿನ ಬಣ್ಣದ ಬಗ್ಗೆ ನಡೆದ ಗಲಾಟೆಯಲ್ಲಿ ಇದನ್ನು ಕೇಳಿದವರು ಕಡಿಮೆ.

ಟೈಪ್ 00 ಚಿತ್ರ ನೋಡಿದರೆ ಮೂತಿ ಉದ್ದವಾಗಿಯೇ ಇದೆ. ವಿದ್ಯುತ್ ಕಾರಿಗೆ ಅಷ್ಟುದ್ದದ ಬಾನೆಟ್ ಬೇಕಿಲ್ಲ, ಒಳಗೆ ಹನ್ನೆರಡು ಸಿಲಿಂಡರ್ ಇಲ್ಲವಲ್ಲ. ಆದರೂ ಇಟ್ಟಿದ್ದಾರೆ. ಹೊಸ ಕಾರು ರಸ್ತೆಗೆ ಬಂದಾಗ ಬೇರೆಯವರು ಬೆಲೆ ನೋಡಲಿ, ಬಣ್ಣ ನೋಡಲಿ. ಒಂದು ಚಾರ್ಜಿನಲ್ಲಿ ಎಷ್ಟು ದೂರ ಹೋಗುತ್ತೆ, ಲಂಡನ್ನಿನಿಂದ ಕಡಲತೀರಕ್ಕೆ ಎಷ್ಟು ಸಲ ನಿಲ್ಲಿಸಬೇಕು, ಡಿಕ್ಕಿಯಲ್ಲಿ ಸೂಟ್‌ಕೇಸ್ ಹಿಡಿಯುತ್ತಾ ಅನ್ನೋದನ್ನ ನಾನು ನೋಡ್ತೀನಿ. ಅಪ್ಪ ಶೇರಿನ ದರ ನೋಡ್ತಾರೆ.