ಸೋಪಿಗೂ ವೈರಸ್ ಸಾಯುತ್ತೆ

ಫೋಟೊ 1

ಪ್ರಯೋಗಾಲಯದಲ್ಲಿ ಸಾಬೀತಾಗಿದೆ, ಎರಡೇ ದಿನದಲ್ಲಿ ವೈರಸ್ ಖತಂ ಅಂತ ಹೇಳೋ ಫಾರ್ವರ್ಡ್ ನಮ್ಮ ಕ್ಲಾಸ್ ಗ್ರೂಪಿಗೆ ಈ ತಿಂಗಳಲ್ಲೇ ಮೂರು ಸಲ ಬಂತು. ಒಂದು ಕಷಾಯದ್ದು, ಒಂದು ಎಣ್ಣೆಯದ್ದು, ಒಂದು ಹಳೇ ಮಾತ್ರೆಯದ್ದು. ಹಾಕಿದವರು ಯಾರದೋ ದೊಡ್ಡಪ್ಪ, ಚಿಕ್ಕಪ್ಪ ಅಲ್ಲ. ಮೈಕ್ರೊಬಯಾಲಜಿ ಓದ್ತಿರೋ ನಾವೇ. ಅದಕ್ಕೇ ಈ ಸರಣಿ ಸ್ವಲ್ಪ ಖಾರ ಇರುತ್ತೆ, ಸಹಿಸ್ಕೊಳ್ಳಿ.

ತಟ್ಟೆಯಲ್ಲಿ ವೈರಸ್ ಸಾಯೋದು ಸುದ್ದಿಯೇ ಅಲ್ಲ. ಸೋಪಿಗೆ ಸಾಯುತ್ತೆ, ಬ್ಲೀಚಿಗೆ ಸಾಯುತ್ತೆ, ಕುದಿಯೋ ನೀರಿಗೂ ಸಾಯುತ್ತೆ. ಔಷಧಿ ಅನ್ನಿಸಿಕೊಳ್ಳಬೇಕಾದರೆ ವೈರಸ್ಸನ್ನು ತಡೆದು ಮನುಷ್ಯನನ್ನು ಉಳಿಸಬೇಕು. ಎರಡನೇ ಭಾಗವನ್ನು ನುಂಗಿ ಮೊದಲನೆಯದನ್ನಷ್ಟೇ ಹಂಚಿದರೆ ಅದಕ್ಕೆ ಜಾಹೀರಾತು ಅಂತಾರೆ.

ಫೋಟೊ 2

ಈ ನೇರಳೆ ತಟ್ಟೆ ಪ್ಲಾಕ್ ಅಸ್ಸೆಯದ್ದು. ಪ್ರತಿ ಗುಂಡಿಯ ತಳದಲ್ಲಿ ಜೀವಕೋಶಗಳನ್ನು ಒಂದೇ ಪದರವಾಗಿ ಬೆಳೆಸ್ತಾರೆ. ಅದರ ಮೇಲೆ ವೈರಸ್ ಬಿಟ್ಟು, ಅದು ಎಲ್ಲೆಂದರಲ್ಲಿ ಹರಡದ ಹಾಗೆ ಜೆಲ್ ಸುರೀತಾರೆ. ಕೆಲವು ದಿನ ಬಿಟ್ಟು ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿದರೆ ಬದುಕಿರೋ ಕೋಶಗಳೆಲ್ಲ ನೇರಳೆ, ವೈರಸ್ ಕೊಂದ ಜಾಗ ಮಾತ್ರ ಬಣ್ಣವಿಲ್ಲದ ತೂತು. ಆ ತೂತುಗಳನ್ನು ಎಣಿಸಬೇಕು. ಹೌದು, ಕಣ್ಣಲ್ಲೇ, ಮಾರ್ಕರ್ ಪೆನ್ ಹಿಡ್ಕೊಂಡು, ಕತ್ತು ನೋಯೋವರೆಗೆ. ಔಷಧಿಯ ಯಾವ ಪ್ರಮಾಣಕ್ಕೆ ತೂತುಗಳು ಅರ್ಧಕ್ಕೆ ಇಳೀತವೋ ಅದು ಇಸಿ50.

ಫಾರ್ವರ್ಡ್ ಇಲ್ಲಿಗೇ ನಿಂತುಬಿಡುತ್ತೆ. ಲ್ಯಾಬ್ ನಿಲ್ಲಲ್ಲ. ಪಕ್ಕದಲ್ಲೇ ಇನ್ನೊಂದು ತಟ್ಟೆ ಇರುತ್ತೆ, ಅದರಲ್ಲಿ ವೈರಸ್ ಇಲ್ಲ, ಬರೀ ಔಷಧಿ. ಎಷ್ಟು ಹಾಕಿದರೆ ಕೋಶಗಳೇ ಅರ್ಧ ಸಾಯ್ತವೆ? ಅದು ಸಿಸಿ50. ಈ ಎರಡು ಸಂಖ್ಯೆಗಳ ನಡುವೆ ಅಂತರ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೇದು. ಅಂತರವೇ ಇಲ್ಲ ಅಂದ್ರೆ ಇಲಿ ಓಡಿಸೋಕೆ ಮನೆಗೇ ಬೆಂಕಿ ಹಚ್ಚಿದ ಹಾಗೆ. ಕಷಾಯದ ಯಾವ ಫಾರ್ವರ್ಡಲ್ಲಾದರೂ ಸಿಸಿ50 ಕಂಡಿದ್ದೀರಾ?

ಫೋಟೊ 3

ಆ ಕೋಶಗಳು ಯಾರವು ಅನ್ನೋದೂ ಮುಖ್ಯ. ಹೆಚ್ಚಿನ ಕಡೆ ಬಳಸೋದು ವೆರೊ ಕೋಶ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಮಂಗದ ಮೂತ್ರಪಿಂಡದಿಂದ ತೆಗೆದ ಕೋಶಗಳ ಸಂತತಿ ಇದು, ಇವತ್ತಿಗೂ ಬೆಳೀತಾನೇ ಇದೆ. ವೈರಸ್ ಬಂತು ಅಂತ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸೋ ಇಂಟರ್‌ಫೆರಾನನ್ನು ತಾನಾಗಿ ತಯಾರಿಸೋ ಶಕ್ತಿ ಇವಕ್ಕಿಲ್ಲ. ಹಾಗಾಗಿ ವೈರಸ್ ಬೆಳೆಸೋಕೆ ಬಹಳ ಅನುಕೂಲ. ಆದರೆ ಇದು ಮಂಗದ ಕಿಡ್ನಿ. ಕೋವಿಡ್ ಬಂದದ್ದು ಮನುಷ್ಯರ ಶ್ವಾಸಕೋಶಕ್ಕೆ.

ಹೈಡ್ರಾಕ್ಸಿಕ್ಲೋರೊಕ್ವಿನ್ ಎಡವಿದ್ದು ಇಲ್ಲೇ. 2020ರ ಆರಂಭದಲ್ಲಿ ವೆರೊ ಕೋಶಗಳಲ್ಲಿ ಅದು ಕೊರೊನಾವನ್ನು ಚೆನ್ನಾಗಿಯೇ ತಡೀತು. ಕಾರಣವೂ ಸ್ಪಷ್ಟ: ವೆರೊ ಒಳಗೆ ಹೋಗೋಕೆ ಈ ವೈರಸ್ಸಿಗೆ ಕೋಶದೊಳಗಿನ ಆಮ್ಲೀಯ ಚೀಲ ಬೇಕು, ಈ ಔಷಧಿ ಆ ಆಮ್ಲತೆಯನ್ನು ತಗ್ಗಿಸುತ್ತೆ. ಆದರೆ ಶ್ವಾಸಕೋಶದ ಕೋಶಗಳ ಮೈಮೇಲೆ ಟಿಎಂಪಿಆರ್‌ಎಸ್‌ಎಸ್2 ಅನ್ನೋ ಕಿಣ್ವ ಇದೆ. ಅದು ವೈರಸ್ಸಿನ ಮುಳ್ಳನ್ನು ಹೊರಗೇ ಕತ್ತರಿಸಿ ಮುಂಬಾಗಿಲು ತೆರೆದುಕೊಡುತ್ತೆ. ನಾವು ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಕೂತಿದ್ವಿ! ಜರ್ಮನಿಯ ವಿಜ್ಞಾನಿಗಳು ಕಾಲು-3 ಅನ್ನೋ ಮನುಷ್ಯ ಶ್ವಾಸಕೋಶದ ಕೋಶಗಳಲ್ಲಿ ನೋಡಿದಾಗ ಕ್ಲೋರೊಕ್ವಿನ್ ಕೆಲಸವೇ ಮಾಡಲಿಲ್ಲ. ಆ ಲೇಖನ 2020ರ ಜುಲೈಯಲ್ಲಿ ಬಂತು. ಅಷ್ಟೊತ್ತಿಗೆ ನಮ್ಮ ದೇಶದಲ್ಲಿ ಜನ ಮುಗಿಬಿದ್ದು ಕೊಂಡು, ಲೂಪಸ್ ಮತ್ತು ಸಂಧಿವಾತಕ್ಕೆ ದಿನಾ ಅದೇ ಮಾತ್ರೆ ನುಂಗಬೇಕಾದವರು ಅಂಗಡಿಯಿಂದ ಅಂಗಡಿಗೆ ಅಲೆದಾಗಿತ್ತು.

ಫೋಟೊ 4

ಇನ್ನು ಐವರ್‌ಮೆಕ್ಟಿನ್. ಬೈಬೇಡಿ, ಹುಳುಗಳ ವಿಷಯದಲ್ಲಿ ಅದು ಅದ್ಭುತ ಔಷಧಿ. ಅದರ ಮೂಲ ಸಿಕ್ಕಿದ್ದು ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ, ಆ ಕೆಲಸಕ್ಕೆ 2015ರ ನೊಬೆಲ್ ಕೂಡ ಬಂತು. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ವೆರೊ ಕೋಶಗಳ ಮೇಲೆ ಅದನ್ನು ಒಮ್ಮೆ ಹಾಕಿದಾಗ 48 ಗಂಟೆಯಲ್ಲಿ ಕೊರೊನಾದ ಆರ್‌ಎನ್‌ಎ ಸುಮಾರು 5000 ಪಟ್ಟು ಇಳೀತು. ಪತ್ರಿಕೆ, ಟಿವಿ ಎಲ್ಲ ಕಡೆ ಇದೇ. ಯಾರೂ ಹೇಳದೇ ಇದ್ದದ್ದು ಪ್ರಮಾಣ. ತಟ್ಟೆಗೆ ಹಾಕಿದ್ದು 5 ಮೈಕ್ರೊಮೋಲಾರ್. ಮಾಮೂಲಿ 12 ಮಿಲಿಗ್ರಾಂ ನುಂಗಿದರೆ ರಕ್ತದಲ್ಲಿ ಸಿಗೋದು ಅದರ ಐವತ್ತನೇ ಒಂದು ಪಾಲೂ ಅಲ್ಲ. ಆ ಮಟ್ಟ ಮುಟ್ಟೋಷ್ಟು ನುಂಗಿದರೆ ವೈರಸ್ಸಿಗಿಂತ ಮುಂಚೆ ನಾವೇ ಮಲಗ್ತೀವಿ.

ಈ ಲೆಕ್ಕ ಹಾಕೋಕೆ ಪಿಯುಸಿ ಕೆಮಿಸ್ಟ್ರಿ ಸಾಕು. ಆದರೂ 2021ರ ಮೇ ತಿಂಗಳಲ್ಲಿ ಗೋವಾ ಸರ್ಕಾರ 18 ದಾಟಿದ ಎಲ್ಲರಿಗೂ ಐವರ್‌ಮೆಕ್ಟಿನ್ ಕೊಡ್ತೀವಿ ಅಂತ ಘೋಷಿಸಿತು. ಮುಂದಿನ ವರ್ಷ ಬ್ರೆಜಿಲ್‌ನ 1358 ರೋಗಿಗಳ ಟ್ರಯಲ್ ಫಲಿತಾಂಶ ಪ್ರಕಟವಾಯ್ತು: ಆಸ್ಪತ್ರೆ ಸೇರೋದನ್ನು ಅದು ತಪ್ಪಿಸಲಿಲ್ಲ.

ಫೋಟೊ 5

ಟ್ರಯಲ್ ಮಾಡ್ತಾ ಕೂತರೆ ಅಷ್ಟರಲ್ಲಿ ಜನ ಸಾಯ್ತಾರಲ್ಲ, ಅಂತೀರಾ? ಈ ವಾದದಲ್ಲಿ ಕರುಣೆ ಇದೆ, ಆದರೆ ಲೆಕ್ಕ ತಪ್ಪು. ಬ್ರಿಟನ್ನಿನ ರಿಕವರಿ ಟ್ರಯಲ್ ಶುರುವಾಗಿದ್ದು 2020ರ ಮಾರ್ಚ್‌ನಲ್ಲಿ. ಯಾರಿಗೆ ಯಾವ ಔಷಧಿ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಜೂನ್ 5ಕ್ಕೆ ಉತ್ತರ ಬಂತು. ಹೈಡ್ರಾಕ್ಸಿಕ್ಲೋರೊಕ್ವಿನ್ ಪಡೆದ 1561 ಜನರಲ್ಲಿ 28 ದಿನದೊಳಗೆ ಸತ್ತವರು ನೂರಕ್ಕೆ 27. ಪಡೆಯದ 3155 ಜನರಲ್ಲಿ ನೂರಕ್ಕೆ 25. ಉಪಯೋಗ ಇಲ್ಲ ಅಂತ ಗೊತ್ತಾಗೋಕೆ ಮೂರೇ ತಿಂಗಳು ಸಾಕಾಯ್ತು.

ಹನ್ನೊಂದು ದಿನ ಬಿಟ್ಟು ಅದೇ ಟ್ರಯಲ್ ಇನ್ನೊಂದು ಸುದ್ದಿ ಕೊಡ್ತು. ಡೆಕ್ಸಾಮೆಥಸೋನ್ ಅನ್ನೋ ಹಳೇ ಅಗ್ಗದ ಸ್ಟೆರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸಿತ್ತು. ಅದು ಕೆಲಸ ಮಾಡಿದ್ದು ವೈರಸ್ಸಿನ ಮೇಲಲ್ಲ, ಅತಿರೇಕಕ್ಕೆ ಹೋದ ನಮ್ಮದೇ ದೇಹದ ಉರಿಯೂತದ ಮೇಲೆ. ತಟ್ಟೆಯನ್ನೇ ನಂಬಿ ಕೂತಿದ್ದರೆ ಆ ಔಷಧಿ ಪಟ್ಟಿಯಲ್ಲೇ ಇರ್ತಿರಲಿಲ್ಲ.

ಹಾಗಂತ ಲ್ಯಾಬನ್ನು ಹೀಯಾಳಿಸ್ತಿಲ್ಲ. ಸರ್ಪಸುತ್ತಿಗೆ ಕೊಡೋ ಅಸೈಕ್ಲೊವಿರ್ ಗೊತ್ತಲ್ಲ? ಅದು ವೈರಸ್ ಹೊಕ್ಕ ಕೋಶದಲ್ಲಿ ಮಾತ್ರ ಚಾಲೂ ಆಗುತ್ತೆ, ಯಾಕಂದ್ರೆ ಅದಕ್ಕೆ ಮೊದಲ ಫಾಸ್ಫೇಟ್ ಅಂಟಿಸೋದು ಹರ್ಪಿಸ್ ಗುಂಪಿನ ವೈರಸ್ಸಿನದೇ ಕಿಣ್ವ. ಕಳ್ಳನ ಕೈಯಲ್ಲೇ ಕೋಳ ಹಾಕಿಸಿದ ಹಾಗೆ. ಗರ್ಟ್ರೂಡ್ ಎಲಿಯನ್ ತಂಡದ ಕೆಲಸ ಇದು. ಆಕೆಗೆ 1988ರಲ್ಲಿ ನೊಬೆಲ್ ಬಂತು, ಪಿಎಚ್‌ಡಿ ಮುಗಿಸಿರಲಿಲ್ಲ ಅನ್ನೋದು ನಮ್ಮಂಥೋರಿಗೆ ಸಮಾಧಾನ.

ಫೋಟೊ 6

ಕೊನೇದಾಗಿ, ಕಂಪನಿಗಳು ಔಷಧಿ ಬಚ್ಚಿಟ್ಟಿವೆ ಅನ್ನೋರಿಗೆ. ಕೋಪ ಸರಿ, ವಿಳಾಸ ತಪ್ಪು. ದುಡ್ಡು ಬರಲ್ಲ ಅಂದ ಕಡೆ ಅವರು ಹುಡುಕೋದೇ ಇಲ್ಲ, ಇನ್ನು ಬಚ್ಚಿಡೋದೆಲ್ಲಿ?

ಫೋಟೊದಲ್ಲಿರೋದು ಉಣುಗು. ಮಂಗನ ಕಾಯಿಲೆ ಹರಡೋದು ಇದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಹತ್ತಿರ, ಕ್ಯಾಸನೂರು ಕಾಡಲ್ಲಿ ಸಿಕ್ಕ ವೈರಸ್. ಜಗತ್ತಿನ ಪುಸ್ತಕಗಳಲ್ಲೆಲ್ಲ ನಮ್ಮೂರಿನ ಹೆಸರೇ ಇದೆ. ಅರವತ್ತು ವರ್ಷ ದಾಟಿದರೂ ಅದಕ್ಕೆ ಅಂತ ಒಪ್ಪಿಗೆ ಪಡೆದ ಒಂದೇ ಒಂದು ಆ್ಯಂಟಿವೈರಲ್ ಇಲ್ಲ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯ್ತಾರೆ. ದರಗು ಗುಡಿಸೋಕೆ, ಸೌದೆ ತರೋಕೆ, ದನ ಹುಡುಕೋಕೆ ಕಾಡಿಗೆ ಹೋದವರು. ಅವರಿಗೆ ಆಸ್ಪತ್ರೆಯಲ್ಲಿ ಸಿಗೋದು ಡ್ರಿಪ್, ಜ್ವರದ ಮಾತ್ರೆ, ರಕ್ತಸ್ರಾವ ಆದರೆ ರಕ್ತ.

ಕಾಮೆಂಟಲ್ಲಿ ಲಿಂಕ್ ಹಾಕೋರು ಮೂರು ವಿಷಯ ಜೊತೆಗೇ ಬರೀರಿ: ಯಾವ ಕೋಶ, ಎಷ್ಟು ಮೈಕ್ರೊಮೋಲಾರ್, ಎಷ್ಟು ಜನ ರೋಗಿಗಳು. ಮೂರೂ ಇಲ್ಲದ ಲಿಂಕ್ ಡಿಲೀಟ್ ಮಾಡ್ತೀನಿ. ಬೇಜಾರು ಮಾಡ್ಕೋಬೇಡಿ.